ಓಣಿಯ ಒಬ್ಬ ಹೆಣ್ಣುಮಗಳು

ಗೋಕಾಕ
೧೨ ಜುಲೈ ೧೯೯೮

ಅವ್ವಾ,

ರೂಮು ಸಿಕ್ಕಿದೆ. ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಮನೆಯ ಒಡತಿ ದುಂಡವ್ವ ಒಬ್ಬಳೇ ಇರುತ್ತಾಳೆ. ಹೊತ್ತು ಮುಳುಗುವ ಮೊದಲೇ ನಾನು ಉಣ್ಣುವುದನ್ನು ನೋಡಿ, "ಯಾಕವ್ವಾ, ಆರಾಮ ಇಲ್ಲೇನು?" ಎಂದು ಕೇಳಿದಳು. ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದೆ. "ಹಂಗಾರ ಸರಿ, ನಾ ಹೊಟ್ಟಿನೋವಂತ ತಿಳ್ಕೊಂಡಿದ್ದೆ" ಎಂದಳು.

ಈ ಕಥೆ ನನಗೆ ತರಗತಿಯಲ್ಲಿ ಉಪಯೋಗಕ್ಕೆ ಬಂತು. ಈ ವರ್ಷ ನಮಗೆ ಮನಃಶಾಸ್ತ್ರ ಕಲಿಸುವವರು ಮಹಾಂತೇಶ ಸರ್. ಮೊದಲ ದಿನವೇ, "ಯಾರನ್ನ ಅಸಹಜ ಅನ್ನೂಣು?" ಎಂದು ಕೇಳಿದರು. ಹಿಂದಿನ ಬೆಂಚಿನವನೊಬ್ಬ "ಎಲ್ಲಾರಂಗ ಇರದವ್ರು, ಸರ್" ಎಂದ. "ಹಂಗಾರ ಏಳು ಅಡಿ ಎತ್ತರ ಇರಾಂವ ರೋಗಿ ಏನು?" ಎಂದರು. ಇನ್ನೊಬ್ಬಳು, "ಮಂದಿ ಒಪ್ಪದಂಥಾದ್ದು ಮಾಡವ್ರು" ಎಂದಳು. ಆಗ ನಾನು ದುಂಡವ್ವನ ಮಾತು ಹೇಳಿದೆ. ಸರ್‌ಗೆ ಖುಷಿಯಾಯಿತು. ಒಂದು ಮನೆಯ ಆಚಾರ ಇನ್ನೊಂದು ಮನೆಯವರ ಕಣ್ಣಿಗೆ ರೋಗವಾಗಿ ಕಾಣಬಹುದು, ಆದ್ದರಿಂದ ಇನ್ನೂ ಎರಡು ಪ್ರಶ್ನೆ ಕೇಳಿಕೊಳ್ಳಿ ಎಂದು ಬರೆಸಿದರು. ಆ ಮನುಷ್ಯ ಒಳಗೇ ನರಳುತ್ತಿದ್ದಾನೆಯೇ? ಅವನ ದಿನನಿತ್ಯದ ಬಾಳು ಕೆಟ್ಟಿದೆಯೇ? "ಅವಸರ ಮಾಡಬ್ಯಾಡ್ರಿ" ಎಂದೂ ಹೇಳಿದರು.

ಅವಸರ ಮಾಡದೆ ಇರುವುದೇ ಕಷ್ಟ. ಪುಸ್ತಕದಲ್ಲಿ ಖಿನ್ನತೆಯ ಪಾಠ ಓದಿದೆ, ದುಂಡವ್ವನ ಮುಖದಲ್ಲಿ ಅದೇ ಕಂಡಿತು. ಆತಂಕದ ಪಾಠ ಓದಿದೆ, ನನಗೇ ಎದೆ ಬಡಿದುಕೊಂಡಿತು. ಅಪ್ಪ ಅಂಗಡಿಯ ಕೀಲಿಯನ್ನು ಮೂರು ಸಲ ಜಗ್ಗಿ ನೋಡುವುದು ಯಾವ ರೋಗವೋ ಸರ್‌ಗೆ ಕೇಳಬೇಕು.

ಚಂದನಾ ಹೇಗಿದ್ದಾಳೆ? ಅಣ್ಣ, ವೈನಿ ಏನು ಪುಣ್ಯ ಮಾಡಿದ್ದರೋ, ಅರ್ಧ ಓಣಿಯ ಮಕ್ಕಳನ್ನು ಎತ್ತಿ ಆಡಿಸಿದ ನಿನ್ನ ಕೈ ಅವರ ಮಗಳಿಗೂ ಸಿಕ್ಕಿತು.

ನಿನ್ನ,
ಮಯೂರಿ


ಹುಕ್ಕೇರಿ
೨ ಆಗಸ್ಟ್ ೧೯೯೮

ಮಯೂರಿ,

ನಿನ್ನ ಪತ್ರವನ್ನು ಅಪ್ಪ ಅಂಗಡಿಯಲ್ಲೇ ಒಡೆದು ಓದಿ, ಕೀಲಿಯ ಮಾತಿಗೆ ನಕ್ಕು, ಆಮೇಲೆ ನನಗೆ ಕೊಟ್ಟರು. ಇನ್ನು ಮೇಲೆ ನನಗೆ ಬರೆಯುವುದನ್ನು ಮನೆಯ ವಿಳಾಸಕ್ಕೆ, ನನ್ನ ಹೆಸರಿಗೆ, ಅಂಟು ಹಚ್ಚಿ ಕಳಿಸು. ಫೋನೂ ಬೇಡ. ಅದು ಅಂಗಡಿಯಲ್ಲಿದೆ, ಒಬ್ಬರು ಮಾತಾಡಿದರೆ ಐದು ಮಂದಿ ಕೇಳುತ್ತಾರೆ.

ಮಳೆ ಹದವಾಗಿದೆ. ಚಂದನಾ ಮಗ್ಗುಲು ತಿರುಗುತ್ತಾಳೆ. ಬಣ್ಣ ನಿನ್ನ ಅಣ್ಣ ಸಮ್ಮೇದನದು, ಮೂಗು ಅವಳ ತಾಯಿ ಶುಭಾಂಗಿಯದು.

ಒಂದು ಮಾತು ಕೇಳಬೇಕಿತ್ತು. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಯಾರೆಂದು ಕೇಳಬೇಡ, ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಆಕೆಯ ಮನೆಯಲ್ಲೂ ಒಂದು ಕೂಸಿದೆ. ಅದೆಂದರೆ ಆಕೆಗೆ ಜೀವ. ಎರಡು ತಿಂಗಳ ಹಿಂದೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿಗೆ ಹೋದಾಗ, ಬಾವಿಯ ಕಟ್ಟೆಯ ಹತ್ತಿರ ಒಂದು ವಿಚಾರ ಬಂತಂತೆ. ಇದನ್ನು ಇದರೊಳಗೆ ಒಗೆದುಬಿಟ್ಟರೆ? ಯಾರ ಮೇಲೂ ಸಿಟ್ಟಿರಲಿಲ್ಲ, ಏನೂ ಆಗಿರಲಿಲ್ಲ. ಸುಮ್ಮನೆ ಬಂತು. ಆಕೆ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಒಳಗೆ ಹೋಗಿ ವಾಂತಿ ಮಾಡಿಕೊಂಡಳು. ಅಂದಿನಿಂದ ಅದು ಬಿಟ್ಟಿಲ್ಲ. ಬಾವಿ ಕಂಡರೆ ಬಾವಿಯ ವಿಚಾರ, ಈಳಿಗೆ ಕಂಡರೆ ಈಳಿಗೆಯ ವಿಚಾರ. ಓಡಿಸಲು ಮಂತ್ರ ಹೇಳಿದರೆ ಮಂತ್ರದ ನಡುವೆಯೇ ಬರುತ್ತದೆ. ಈಗ ಕೂಸನ್ನು ಮುಟ್ಟುವುದನ್ನೇ ಬಿಟ್ಟಿದ್ದಾಳೆ.

ಇಂಥದ್ದಕ್ಕೆ ನಿಮ್ಮ ಪುಸ್ತಕದಲ್ಲಿ ಏನೆನ್ನುತ್ತಾರೆ? ಆಕೆ ನನ್ನೊಬ್ಬಳಿಗೇ ಹೇಳಿದ್ದಾಳೆ. ತಿಳಿದವರನ್ನು ಕೇಳಿ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು.

ತಾಯಿ,
ಪದ್ಮವ್ವ


ಗೋಕಾಕ
೧೦ ಆಗಸ್ಟ್ ೧೯೯೮

ಅವ್ವಾ,

ನಿನ್ನ ಪ್ರಶ್ನೆ ಓದಿದ ಕೂಡಲೇ ಕಾಲೇಜಿಗೆ ಓಡಿದೆ. ಸರ್ ಊರಲ್ಲಿರಲಿಲ್ಲ. ಆದರೆ ಲೈಬ್ರರಿಯಲ್ಲಿ ದೊಡ್ಡ ಪುಸ್ತಕವಿದೆ, ಅದರ ಕೊನೆಯ ಅಧ್ಯಾಯದಲ್ಲಿ ಸಿಕ್ಕಿತು. ತಲೆ ಪೂರ್ತಿ ಕೆಟ್ಟ ತಾಯಂದಿರು ತಮ್ಮ ಕೂಸುಗಳನ್ನೇ ಕೊಂದ ಪ್ರಸಂಗಗಳು ಅದರಲ್ಲಿವೆ. ಇದು ಸಣ್ಣ ರೋಗವಲ್ಲ. ಅಂಥವರನ್ನು ಮಕ್ಕಳ ಹತ್ತಿರ ಒಂದು ಗಳಿಗೆಯೂ ಬಿಡಬಾರದು. ಆಕೆಯ ಮನೆಯವರಿಗೆ ಇವತ್ತೇ ಹೇಳು. ಮಾತು ಕೊಟ್ಟಿದ್ದೇನೆ ಎಂದು ಕೂರಬೇಡ. ನಾಳೆ ಏನಾದರೂ ಆದರೆ ಆ ಪಾಪ ನಿನ್ನ ತಲೆಗೂ ಬರುತ್ತದೆ. ಆಕೆ ತಾನಾಗಿಯೇ ಮನೆ ಬಿಟ್ಟು ದೂರ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ನಿನ್ನೆ ಅಂಗಡಿಗೆ ಫೋನು ಮಾಡಿದಾಗ ಅಣ್ಣ ಸಿಟ್ಟಿನಿಂದ ಮಾತಾಡಿದ. "ಅವ್ವ ಮಗೀನ ಮುಟ್ಟಂಗಿಲ್ಲ. ಶುಭಾಂಗಿ ದಿನಾ ಅಳ್ತಾಳು" ಎಂದ. ಖರೆಯೇ? ಹೆಣ್ಣೆಂದು ಬೇಸರವೇ? ನಾನೂ ಹೆಣ್ಣೇ ಆಗಿ ಹುಟ್ಟಿದ್ದೆ. ಅಂಥ ತಾಯಿಯ ಮಗಳು ನಾನಲ್ಲ ಎಂದುಕೊಂಡಿದ್ದೆ.

ಮಯೂರಿ


ಮೂಡಲಗಿ
೯ ಸೆಪ್ಟೆಂಬರ್ ೧೯೯೮

ಮಯೂರಿ,

ದಶಲಕ್ಷಣ ಪರ್ವ ಮುಗಿದ ಮರುದಿನ ನಿನ್ನ ದೊಡ್ಡವ್ವ ಅಕ್ಕವ್ವನ ಮನೆಗೆ ಬಂದೆ. ಆಕೆಗೆ ಮೊಣಕಾಲು ನೋವು, ಅಡುಗೆಗೆ ಕೈ ಬೇಕು. ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ.

ನೀನು ಬರೆದದ್ದನ್ನು ಆ ಹೆಣ್ಣುಮಗಳಿಗೆ ತಿಳಿಸಿದೆ. ಆಕೆ ಮನೆ ಬಿಟ್ಟು ದೂರ ಹೋಗಿದ್ದಾಳೆ. ಕೂಸಿಗೆ ಇನ್ನು ಭಯವಿಲ್ಲ.

ನಾನು ಹೆಣ್ಣೆಂದು ಬೇಸರಪಟ್ಟವಳಲ್ಲ. ನೀನು ಹುಟ್ಟಿದಾಗ ಓಣಿಗೆಲ್ಲ ಪೇಢೆ ಹಂಚಿಸಿದ್ದೆ. ಅಪ್ಪನನ್ನು ಕೇಳು.

ಪದ್ಮವ್ವ


ಯಮಕನಮರಡಿ
೪ ಅಕ್ಟೋಬರ್ ೧೯೯೮

ಮಯೂರಿಗೆ ಶುಭಾಂಗಿ ವೈನಿಯ ನೆನಪುಗಳು.

ನಿಮ್ಮ ಅಣ್ಣನ ಮೂಲಕ ಅಲ್ಲದೆ ನಾನೇ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಮಗುವನ್ನು ಕರೆದುಕೊಂಡು ತವರಿಗೆ ಬಂದು ಮೂರು ವಾರವಾಯಿತು. ಹುಕ್ಕೇರಿಯಲ್ಲಿ ಮಾವನವರೂ ನಿಮ್ಮ ಅಣ್ಣನೂ ಇಬ್ಬರೇ ಇದ್ದಾರೆ. ಒಬ್ಬರು ಅನ್ನ ಮಾಡುತ್ತಾರೆ, ಒಬ್ಬರು ಸಾರು ಕೆಡಿಸುತ್ತಾರೆ ಎಂದು ಕೇಳಿದೆ. ನನಗೆ ನಗು ಬರಲಿಲ್ಲ.

ಅತ್ತೆಯವರು ಮನೆ ಬಿಟ್ಟ ದಿನ ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಬಾಣಂತನದಲ್ಲಿ ನನ್ನನ್ನು ತಾಯಿಗಿಂತ ಚೆನ್ನಾಗಿ ನೋಡಿಕೊಂಡವರು ಅವರು. ಎರಡು ತಿಂಗಳು ತುಂಬುವ ಹೊತ್ತಿಗೆ ಮಗುವನ್ನು ಕೊಟ್ಟರೆ, "ಕೈ ಹೊಲಸ ಅದಾವು" ಎನ್ನತೊಡಗಿದರು. ಬಾವಿಗೆ ಹಲಗೆ ಮುಚ್ಚಿಸಿದರು. ಈಳಿಗೆಯನ್ನು ಅಟ್ಟದ ಮೇಲೆ ಹಾಕಿದರು. ಬೆಂಡೆಕಾಯಿಯನ್ನು ಕೈಯಿಂದ ಮುರಿದು ಪಲ್ಯ ಮಾಡಿದರು. ಕೇಳಿದರೆ ಜೀವಹಿಂಸೆ ಎಂದರು. ನೋಡಿದವರೆಲ್ಲ, ಪದ್ಮವ್ವನ ವ್ರತ ಬಹಳ ಕಠಿಣ ಎಂದು ಕೈ ಮುಗಿದರು. ನಾನೂ ಮುಗಿದೆ.

ಪರ್ವದ ಕೊನೆಯ ದಿನ ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರಲ್ಲ, ಅವತ್ತು ಅತ್ತೆಯವರು ನನ್ನ ಮುಂದೆ ಬಂದು ನಿಂತರು. ನಾನು ಮಗುವನ್ನು ಮುಂದೆ ಚಾಚಿ, "ಮೊದಲ ಈಕಿಗಿ ಕೇಳ್ರಿ ಕ್ಷಮಾ" ಎಂದೆ. ಅವರು ಹಿಂದೆ ಸರಿದು ಗೋಡೆಗೆ ಒರಗಿದರು. ನನಗೆ ತಡೆಯಲಾಗಲಿಲ್ಲ. "ಗಂಡು ಹುಟ್ಟಿದ್ರ ಹಿಂಗ ಮಾಡ್ತಿದ್ರೇನ್ರಿ?" ಎಂದೆ. ಮನೆ ತುಂಬ ಜನರಿದ್ದರು. ಮರುದಿನ ಎದ್ದು ನೋಡಿದರೆ ಅವರು ಇರಲಿಲ್ಲ.

ನಾನು ಆಡಬಾರದ ಮಾತು ಆಡಿದೆನೇ? ನನಗೆ ಇನ್ನೂ ಸಿಟ್ಟಿದೆ. ಆದರೆ ಗೋಡೆಗೆ ಒರಗಿದಾಗಿನ ಅವರ ಮುಖ ಕಣ್ಣಿಂದ ಹೋಗುತ್ತಿಲ್ಲ. ಅದು ತಿರಸ್ಕಾರದ ಮುಖವಾಗಿರಲಿಲ್ಲ. ನಿನಗೇನಾದರೂ ಗೊತ್ತಿದ್ದರೆ ಬರೆ.

ಶುಭಾಂಗಿ


ಗೋಕಾಕ
೧೧ ಅಕ್ಟೋಬರ್ ೧೯೯೮

ಅವ್ವಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ನಮ್ಮ ಓಣಿಯ ಹೆಣ್ಣುಮಗಳ ವಿಷಯದಲ್ಲಿ ನಾನು ತಪ್ಪು ಬರೆದೆ. ಸಣ್ಣ ತಪ್ಪಲ್ಲ. ಮೊನ್ನೆ ಮಹಾಂತೇಶ ಸರ್ ಹತ್ತಿರ ಹೋಗಿ, ಯಾರ ಹೆಸರನ್ನೂ ಎತ್ತದೆ, ಬಾವಿಯಿಂದ ಹಿಡಿದು ಈಳಿಗೆಯವರೆಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟು, "ಈ ವಿಚಾರ ಬಂದಾಗ ಆಕಿ ಏನ್ ಮಾಡ್ತಾಳು?" ಎಂದು ಕೇಳಿದರು.

"ಅಂಜ್ತಾಳ್ರಿ. ಮಗೀನ ಬಿಟ್ಟು ದೂರ ಸರೀತಾಳ್ರಿ."

"ಮಾಡಬೇಕು ಅನಸ್ತೈತೇನು ಆಕಿಗಿ? ಯಾರರ ಮಾಡು ಅಂತ ಹೇಳಿದಂಗ ಕಿವ್ಯಾಗ ಕೇಳತೈತೇನು?"

"ಇಲ್ರಿ. ವಾಂತಿ ಮಾಡ್ಕೊಂಡ್ಳಂತ್ರಿ."

"ಹಂಗಾರ ಇದು ಗೀಳು. ಮನಸ್ಸಿಗೆ ಯಾವುದು ಎಲ್ಲಾಕಿಂತ ಪ್ರೀತಿನೋ ಅದರ ಮ್ಯಾಲೇ ಬಂದು ಕುಂದರತೈತಿ. ಇಂಥಾ ವಿಚಾರ ಒಮ್ಮೊಮ್ಮೆ ಎಲ್ಲಾರಿಗೂ ಬರ್ತಾವು. ಎತ್ತರದ ಮ್ಯಾಲ ನಿಂತಾಗ ಜಿಗದ್ರ ಹ್ಯಾಂಗ ಅಂತ ನಿನಗ ಅನಿಸಿಲ್ಲೇನು? ನೀ ಮರತು ಮುಂದ ಹೋಗ್ತಿ. ಆಕಿಗಿ ಮರೀಲಿಕ್ಕಾಗಂಗಿಲ್ಲ, ಅಷ್ಟ. ಈ ರೋಗದ ಮಂದಿ ಅಂಜಿಕೊಂಡದ್ದನ್ನ ಮಾಡವರಲ್ಲ. ಆ ಮನ್ಯಾಗ ಆ ಮಗೀನ ಆಕಿಯಷ್ಟು ಕಾಯವ್ರು ಮತ್ತೊಬ್ಬರಿಲ್ಲ."

ಅವರು ನನ್ನನ್ನೇ ನೋಡಿ, "ಆಕಿಗಿ ನೀ ಏನ್ ಹೇಳಿದಿ?" ಎಂದರು. ಹೇಳಿದೆ. ಬಯ್ಯಲಿಲ್ಲ. "ಪುಸ್ತಕದ ಕಡೀ ಅಧ್ಯಾಯಕ್ಕ ಯಾಕ ಹ್ವಾದಿ? ಮೊದಲನೇ ಪಾಠದಾಗ ಕೇಳಿದ ಪ್ರಶ್ನೆ ಮರತೇನು?" ಎಂದರು ಅಷ್ಟೆ.

ಅವ್ವಾ, ಆ ಹೆಣ್ಣುಮಗಳು ಒಳಗೇ ನರಳುತ್ತಿದ್ದಾಳೆಯೇ ಎಂದು ನಾನು ಕೇಳಲೇ ಇಲ್ಲ. ಆಕೆಗೆ ನನ್ನ ಪರವಾಗಿ ಹೇಳು: ಆಕೆ ಅಪಾಯದವಳಲ್ಲ, ಹುಚ್ಚಿಯೂ ಅಲ್ಲ. ಇದಕ್ಕೆ ಔಷಧವಿದೆ, ಬೆಳಗಾವಿಯಲ್ಲಿ ಡಾಕ್ಟರಿದ್ದಾರೆ. ಹೆಚ್ಚಿನದನ್ನು ಅವರೇ ನೋಡಿ ಹೇಳಬೇಕು, ನಾನು ಮೇಷ್ಟ್ರು ಮಾತ್ರ ಎಂದರು ಸರ್. ಆಕೆಯನ್ನು ಮನೆಯಿಂದ ಹೊರಗೆ ಹಾಕಿದ್ದು ನನ್ನ ಅರೆಬರೆ ಓದು. ಆಕೆ ಕ್ಷಮಿಸದಿದ್ದರೂ ಸರಿ. ಡಾಕ್ಟರ ಹತ್ತಿರ ಮಾತ್ರ ಹೋಗಲಿ.

ಮಯೂರಿ


ಮೂಡಲಗಿ
೧೫ ನವೆಂಬರ್ ೧೯೯೮

ಮಯೂರಿ,

ಉತ್ತರ ಬರೆಯಲು ತಿಂಗಳಾಯಿತು. ನಿನ್ನ ಪತ್ರವನ್ನು ಆ ಹೆಣ್ಣುಮಗಳಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ. ಎಲ್ಲರಿಗೂ ಬರುತ್ತದೆ ಎಂದು ನಿಮ್ಮ ಸರ್ ಖರೆ ಹೇಳಿದರೋ, ಸಮಾಧಾನಕ್ಕೆ ಹೇಳಿದರೋ ಎಂದು ಕೇಳುತ್ತಾಳೆ.

ಆಕೆಯ ಚಿಂತೆ ಒಂದಲ್ಲ. ನಮ್ಮಲ್ಲಿ ಕೈಯಿಂದ ಮಾಡಿದ್ದಷ್ಟೇ ಹಿಂಸೆಯಲ್ಲ, ಮನಸ್ಸಿನಲ್ಲಿ ಬಂದದ್ದೂ ಹಿಂಸೆಯೇ ಎಂದು ಕೇಳುತ್ತ ಬೆಳೆದವಳು. ನೀರು ಸೋಸಿ ಕುಡಿಯುವ ಬಾಯಿ, ಇರುವೆ ದಾಟಿ ಇಡುವ ಕಾಲು, ಮನಸ್ಸು ಮಾತ್ರ ಇಂಥದ್ದು. ಹಾಗಾದರೆ ತಾನು ಯಾರು? ಅದಕ್ಕೇ ಒಪ್ಪತ್ತು ಉಣ್ಣುತ್ತಾಳೆ, ಜಪ ತಪ್ಪಿದರೆ ಮೊದಲಿನಿಂದ ಎಣಿಸುತ್ತಾಳೆ, ಅರ್ಧ ದಿನ ಅದರಲ್ಲೇ ಹೋಗುತ್ತದೆ. ಸೀರೆ ಸೊಂಟಕ್ಕೆ ನಿಲ್ಲುತ್ತಿಲ್ಲ.

ಅಕ್ಕವ್ವನಿಗೆ ಈ ಮಾತನ್ನು, ಯಾರೋ ಒಬ್ಬರದೆಂದು ಹೇಳಿದೆ. ಆಕೆ ಸೊಪ್ಪು ಬಿಡಿಸುತ್ತ, "ಸೊಳ್ಳಿ ಬಂದು ಕಡದ್ರ ನೀನ ಕರದಿ ಅಂತಾರೇನ ಯಾರರ? ಕರದು ತಂದ ವಿಚಾರ ಬ್ಯಾರೆ, ತಾನಾಗಿ ಬಂದ ವಿಚಾರ ಬ್ಯಾರೆ" ಎಂದಳು. ಆಮೇಲೆ ನನ್ನ ಮುಖ ನೋಡಿ, ಎದ್ದು ಹೋಗಿ ಹಾಲು ಕಾಸಿಕೊಂಡು ಬಂದಳು.

ಡಾಕ್ಟರ ಹತ್ತಿರ ಮಾತ್ರ ಆಕೆ ಹೋಗುವುದಿಲ್ಲ. ಮನಸ್ಸಿನ ಡಾಕ್ಟರು ಎಂದರೆ ಊರಲ್ಲಿ ಏನೆನ್ನುತ್ತಾರೆ ಎಂದು ನಿನಗೇ ಗೊತ್ತು. ಆಕೆಗೆ ಮದುವೆಗೆ ಬಂದ ಮಗಳೊಬ್ಬಳಿದ್ದಾಳೆ. ಗಂಡಿನ ಕಡೆಯವರು ತಾಯಿಯ ತಲೆ ಸರಿಯಿಲ್ಲ ಎಂಬ ಮಾತು ಕೇಳಿದರೆ ಬಾಗಿಲಿಗೇ ಬರುವುದಿಲ್ಲ. ತಾನು ಹೇಗೋ ಇದ್ದು ಸಾಯುತ್ತೇನೆ, ಮಗಳ ಬಾಳು ಕೆಡಿಸುವುದಿಲ್ಲ ಎನ್ನುತ್ತಾಳೆ.

ಪದ್ಮವ್ವ


ಗೋಕಾಕ
೧೯ ನವೆಂಬರ್ ೧೯೯೮

ಅವ್ವಾ,

ಆ ಹೆಣ್ಣುಮಗಳ ಮಗಳು ನನಗೆ ಚೆನ್ನಾಗಿ ಗೊತ್ತು. ಅವಳು ಹೇಳಿ ಕಳಿಸಿದ್ದಾಳೆ: ತಾಯಿಯನ್ನು ದವಾಖಾನೆಗೆ ಕರೆದೊಯ್ದ ಕಾರಣಕ್ಕೆ ಬಾಗಿಲಿಗೆ ಬಾರದ ಗಂಡು ಅವಳಿಗೆ ಬೇಡ. ಅವಳಿಗೆ ತಾಯಿ ಬೇಕು.

ಭಾನುವಾರ ಮುಂಜಾನೆಯ ಬಸ್ಸಿಗೆ ಮೂಡಲಗಿಗೆ ಬರುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ. ಸೋಮವಾರ ನನ್ನ ಜೊತೆ ಬೆಳಗಾವಿಗೆ ಬಂದರೆ ಸಾಕು. ದೊಡ್ಡವ್ವನಿಗೆ ಜ್ವಾಳದ ರೊಟ್ಟಿ ಮಾಡಿಡಲು ಹೇಳು.

ನಿನ್ನ ಮಗಳು,
ಮಯೂರಿ


ಗೋಕಾಕ
೬ ಡಿಸೆಂಬರ್ ೧೯೯೮

ವೈನಿ,

ನೀವು ಕೇಳಿದ್ದಕ್ಕೆ ಎರಡು ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಇದು ನಾನಾಗಿ ಹೇಳುವ ಮಾತಾಗಿರಲಿಲ್ಲ. ಈಗ ಅವ್ವನೇ "ಶುಭಾಂಗಿಗಿ ಎಲ್ಲಾ ಹೇಳು, ಏನೂ ಮುಚ್ಚಬ್ಯಾಡ" ಎಂದಿದ್ದಾಳೆ.

(ಇದರ ಜೊತೆ ಅವ್ವ ನನಗೆ ಬರೆದ ಆಗಸ್ಟ್ ಎರಡರ ಪತ್ರವನ್ನೂ, ಅವಳ ಹತ್ತಿರವಿದ್ದ ನನ್ನ ಉತ್ತರವನ್ನೂ ಇಟ್ಟಿದ್ದೇನೆ. ಅವೆರಡನ್ನು ಓದಿ ಆಮೇಲೆ ಇದನ್ನು ಓದಿರಿ. ಆ ಓಣಿಯ ಹೆಣ್ಣುಮಗಳು ಅವ್ವನೇ.)

ಎರಡು ವಾರದ ಹಿಂದೆ ಭಾನುವಾರ ಮೂಡಲಗಿಗೆ ಹೋದಾಗ ಅವ್ವನ ಗುರುತು ಸಿಗಲಿಲ್ಲ. ಮೊಣಕೈ ಮೂಳೆ ಚೂಪಾಗಿ ಕಾಣುತ್ತಿತ್ತು. ಇಬ್ಬರೂ ಊಟಕ್ಕೆ ಕೂತೆವು. ಅರ್ಧ ರೊಟ್ಟಿ ಮುಗಿದ ಮೇಲೆ ಅವ್ವ, "ಯಾವಾಗ ಗೊತ್ತಾತು ನಿನಗ?" ಎಂದಳು. "ಈಳಿಗಿ ಅಟ್ಟಕ್ಕ ಹಾಕಿದ್ದು ವೈನಿ ಬರದ್ಲು, ಆವಾಗ" ಎಂದೆ. ಅವಳು ತಲೆ ತಗ್ಗಿಸಿ, "ನೀ ದೂರ ಇಡ್ರಿ ಅಂತ ಬರದದ್ದು ಓದಿ ನನಗ ಒಂದ ನಮೂನಿ ಹಗೂರಾತು. ನಾ ಅಂದ್ಕೊಂಡಿದ್ದ ಖರೆ, ಪುಸ್ತಕದಾಗೂ ಐತಿ ಅಂತ" ಎಂದಳು. ನಾನು ತಾಟು ಸರಿಸಿಬಿಟ್ಟೆ ವೈನಿ. ಹೊಡೆದಿದ್ದರೆ ಚೆನ್ನಾಗಿತ್ತು.

ಬೆಳಗಾವಿಯ ಡಾಕ್ಟರು ನಡುವಯಸ್ಸಿನವರು, ಗಡಿಬಿಡಿ ಇಲ್ಲದವರು. ನಾನು ಹೇಳಲು ಬಾಯಿ ತೆರೆದರೆ ನನ್ನನ್ನು ತಡೆದು, "ಅವ್ರು ಹೇಳ್ಲಿ" ಎಂದರು. ಅವ್ವ ಬಹಳ ಹೊತ್ತು ಸೆರಗಿನ ಅಂಚು ಮಡಚಿದಳು. ಆಮೇಲೆ ಗೋಡೆ ನೋಡಿಕೊಂಡು ಎಲ್ಲ ಹೇಳಿದಳು. ಬಾವಿ ಎಂಬ ಶಬ್ದ ಹೇಳುವಾಗ ಕಣ್ಣು ಮುಚ್ಚಿದಳು. ಡಾಕ್ಟರು ಬೆಚ್ಚಿಬೀಳಲಿಲ್ಲ. "ಈ ತಿಂಗಳದಾಗ ಇದ ಮಾತು ಹೇಳಿದವ್ರಾಗ ನೀವು ಮೂರನೇದವ್ರು" ಎಂದರು. ಅವ್ವ ಗೋಡೆ ಬಿಟ್ಟು ಅವರ ಕಡೆ ತಿರುಗಿದ್ದು ಆಗ. "ಮೂರನೇದಾಕಿನ ನಾ?" ಎಂದು ಕೇಳಿದಳು.

ನಿದ್ದೆ, ಊಟ, ಬೇರೆ ದನಿ ಕೇಳುತ್ತದೆಯೇ, ಸಾಯಬೇಕೆನಿಸುತ್ತದೆಯೇ, ಎಲ್ಲ ಕೇಳಿದರು. ಗೀಳಿನ ರೋಗ ಎಂದೇ ಹೇಳಿದರು. ಗುಳಿಗೆ ಕೊಟ್ಟಿದ್ದಾರೆ, ಆದರೆ ಗುಣ ಕಾಣಲು ಆರೆಂಟು ವಾರ ಬೇಕಂತೆ, ನಡುವೆ ಬಿಡಬಾರದಂತೆ. ಗುಳಿಗೆಯ ಜೊತೆ ಇನ್ನೊಂದು ಕೆಲಸ ಕೊಟ್ಟಿದ್ದಾರೆ, ಅದೇ ಕಷ್ಟದ್ದು. ಯಾವುದರಿಂದ ದೂರ ಓಡುತ್ತಾಳೋ ಅದರ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗಿ ಕೂರಬೇಕು. ವಿಚಾರ ಬಂದರೆ ಮಂತ್ರ ಹೇಳಿ ಓಡಿಸಬಾರದು. ಬಂದದ್ದು ತಾನೇ ಹೋಗುವವರೆಗೆ ಬಿಡಬೇಕು.

ಕೊನೆಗೆ ಮಗುವನ್ನು ಎತ್ತಿಕೊಳ್ಳಬೇಕು. ಅದು ನಿಮ್ಮ ಮಗು. ನನಗೆ ಕೇಳುವ ಹಕ್ಕಿಲ್ಲ. ಹೇಳುವುದನ್ನಷ್ಟೇ ಹೇಳಿದ್ದೇನೆ.

ಮಯೂರಿ


ಯಮಕನಮರಡಿ
೧೦ ಜನವರಿ ೧೯೯೯

ಮಯೂರಿ,

ಮೂರೂ ಪತ್ರ ಓದಿದೆ. ಇಲ್ಲಿಗೆ ಬಂದಿದ್ದ ನಿಮ್ಮ ಅಣ್ಣನಿಗೂ ಓದಿಸಿದೆ. ಅವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಸುಳ್ಳು ಬರೆಯುವುದಿಲ್ಲ. ಓದುವಾಗ ನಂಬುತ್ತೇನೆ. ತೊಟ್ಟಿಲ ಹತ್ತಿರ ಹೋದರೆ ನಂಬಿಕೆ ನಿಲ್ಲುವುದಿಲ್ಲ. ನನ್ನ ತಾಯಿಗೆ ಅರ್ಧ ಹೇಳಿದ್ದಕ್ಕೇ, "ಹೋಗಬ್ಯಾಡ, ಒಂದ ಕೂಸಿನ ಪ್ರಶ್ನಿ" ಎಂದಳು. ಮನೆ ತುಂಬಿದ ಜನರ ಮುಂದೆ ಅವರಿಗೆ ಅಂದ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಆದರೂ ಮಗುವನ್ನು ಅವರ ಕೈಗೆ ಕೊಡು ಎಂದರೆ ಕೈ ಮುಂದೆ ಬರುವುದಿಲ್ಲ. ನಾನು ಕೆಟ್ಟವಳೆಂದು ತಿಳಿಯಬೇಡ.

ಶುಭಾಂಗಿ


ಮೂಡಲಗಿ
೨೧ ಫೆಬ್ರವರಿ ೧೯೯೯

ಶುಭಾಂಗಿ,

ನೀನು ಬರೆದದ್ದನ್ನು ಮಯೂರಿ ಹೇಳಿದಳು. ನೀನು ಕೆಟ್ಟವಳಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಮಗುವನ್ನು ಕೊಡು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ.

ಗುಳಿಗೆಯಿಂದ ಮೊದಲು ಬಾಯಿ ಒಣಗಿತು, ಹಗಲೆಲ್ಲ ತೂಕಡಿಕೆ. ಬಿಟ್ಟುಬಿಡೋಣ ಎಂದಿದ್ದೆ, ಅಕ್ಕವ್ವ ಎದುರು ಕೂತು ನುಂಗಿಸಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳಿಗೆ, ಮುಂಜಾನೆಯಿಂದ ಆ ವಿಚಾರವೇ ಬಂದಿಲ್ಲ ಎಂದು ನೆನಪಾಯಿತು. ನೆನಪಾದ ಕೂಡಲೇ ಬಂತು. ಆದರೂ ಅರ್ಧ ದಿನ ಬಂದಿರಲಿಲ್ಲ.

ಈಗ ಈಳಿಗೆಯಲ್ಲಿ ನಾನೇ ಕಾಯಿಪಲ್ಯ ಹೆಚ್ಚುತ್ತೇನೆ. ಬಾಜೂ ಮನೆಯ ಗೌರವ್ವನ ಮೊಮ್ಮಗ ಬಂದು ಪಕ್ಕದಲ್ಲಿ ಕೂರುತ್ತಾನೆ. ಮೊದಲ ದಿನ ಎದ್ದು ಓಡಿದೆ. ಮರುದಿನ ಬೆವರು ಸುರಿಸುತ್ತ ಕೂತೆ. ಕೆಲವು ದಿನ ಸೋಲುತ್ತೇನೆ. ಸೋತ ದಿನವನ್ನೂ ಡಾಕ್ಟರಿಗೆ ಹೇಳುತ್ತೇನೆ. ಅವರು, "ಎಷ್ಟ ಹೊತ್ತು ಕುಂತ್ರಿ?" ಎಂದಷ್ಟೇ ಕೇಳುತ್ತಾರೆ.

ಬಾಣಂತನದಲ್ಲಿ ನಿನಗೆ ಎಣ್ಣೆ ತೀಡುವಾಗ, ನಿನ್ನನ್ನು ಮಗಳು ಎಂದು ಕರೆದಿದ್ದೆ. ಮಗಳಿಗೆ ಹೇಳಬೇಕಾದ್ದನ್ನು ಹೇಳದೆ, ವ್ರತ ಎಂದು ಸುಳ್ಳು ಹೇಳಿದೆ. ಮಂದಿ ಕೈ ಮುಗಿದಾಗ ಸುಮ್ಮನಿದ್ದೆ. ಅದೊಂದು ನಾನು ತಿಳಿದೂ ಮಾಡಿದ ತಪ್ಪು. ಉಳಿದದ್ದು ರೋಗ ಎನ್ನುತ್ತಾರೆ, ನಂಬುವುದನ್ನು ಕಲಿಯುತ್ತಿದ್ದೇನೆ. ಆ ಒಂದಕ್ಕೆ ಕ್ಷಮೆ ಕೇಳುತ್ತೇನೆ.

ಚಂದನಾಗೆ ಹಲ್ಲು ಬಂದಿರಬೇಕು.

ಪದ್ಮವ್ವ


ಹುಕ್ಕೇರಿ
೨೫ ಏಪ್ರಿಲ್ ೧೯೯೯

ಮಯೂರಿ,

ಪರೀಕ್ಷೆಯ ನಡುವೆ ನಿನಗೆ ತೊಂದರೆ ಬೇಡವೆಂದು ಯಾರೂ ತಿಳಿಸಲಿಲ್ಲ. ನಾನು ಊರಿಗೆ ಬಂದಿದ್ದೇನೆ.

ಕಳೆದ ಮಂಗಳವಾರ ಮಧ್ಯಾಹ್ನ ಅಕ್ಕವ್ವನ ಬಾಗಿಲಲ್ಲಿ ಯಾರೋ ಬಂದರೆಂದು ನೋಡಿದರೆ ಶುಭಾಂಗಿ. ಸೊಂಟದ ಮೇಲೆ ಚಂದನಾ, ಒಂದು ಕೈಯಲ್ಲಿ ಚೀಲ. "ಅತ್ತಿ, ಕರಕೊಂಡು ಹೋಗಾಕ ಬಂದೇನಿ" ಎಂದಳು. ಸಮ್ಮೇದ ಬರುತ್ತೇನೆಂದದ್ದಕ್ಕೆ ಬೇಡವೆಂದಳಂತೆ. ತಾನು ಆಡಿದ ಮಾತಿಗೆ ತಾನೇ ಬರಬೇಕೆಂದಳಂತೆ. ಮೂರು ದಿನ ಅಲ್ಲೇ ಇದ್ದಳು. ಮಗುವನ್ನು ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೂವರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು, ಅಷ್ಟೇ. ಚಂದನಾ ಈಗ ನಡೆಯುತ್ತಾಳೆ, ಬೀಳುತ್ತಾಳೆ, ಯಾರನ್ನೂ ಕೇಳದೆ ಬಂದು ಯಾರ ಮೊಣಕಾಲನ್ನಾದರೂ ಹಿಡಿಯುತ್ತಾಳೆ. ನನ್ನದನ್ನೂ ಹಿಡಿದಳು. ಶುಭಾಂಗಿ ನೋಡುತ್ತಿದ್ದಳು. ನಾನು ಮಿಸುಕಾಡಲಿಲ್ಲ.

ಶುಕ್ರವಾರ ಮೂಡಲಗಿಯಿಂದ ಗೋಕಾಕದ ಬಸ್ಸು ಹತ್ತಿದೆವು. ಸಂತೆಗೆ ಹೋಗುವವರು, ಮದುವೆಗೆ ಹೋಗುವವರು, ಕಾಲಿಡಲು ಜಾಗವಿಲ್ಲ. ನನಗೊಬ್ಬಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶುಭಾಂಗಿ ಮಗುವನ್ನು ಎತ್ತಿಕೊಂಡು, ಕಂಬ ಹಿಡಿದು ನಿಂತಿದ್ದಳು. ಎರಡು ಕಡೆ ಬಸ್ಸು ಜೋಲಿ ಹೊಡೆಯಿತು, ಬಿದ್ದೇಬಿಡುತ್ತಾಳೆ ಎನ್ನುವಂತಾಯಿತು. ಮೂರನೆಯ ಸಲ ಅವಳು ಬಾಗಿ, ಚಂದನಾಳನ್ನು ನನ್ನ ಮಡಿಲಲ್ಲಿ ಇಟ್ಟಳು.

ಎಷ್ಟು ಭಾರವಾಗಿದ್ದಾಳೆ ಮಯೂರಿ. ನಾನು ಬಿಟ್ಟಾಗ ಒಂದು ಹಿಡಿ ಇದ್ದಳು.

ಲೋಳಸೂರಿನ ಹತ್ತಿರ ಹೊಳೆ ಬಂತು. ಕಿಟಕಿಗೆ ಗಾಜಿರಲಿಲ್ಲ. ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು, ಕೆಳಗೆ ನೀರು ಕಾಣಿಸಿತು. ಬಂತು. ಬರಲಿಲ್ಲ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಮೊದಲಿನ ಹಾಗೆಯೇ, ಅದೇ ಮಾತು ಹೇಳಿಕೊಂಡು ಬಂತು. ಅಂಗೈ ಒದ್ದೆಯಾಯಿತು. ತಲೆ ಎತ್ತಿದರೆ ಶುಭಾಂಗಿ ನನ್ನನ್ನೇ ನೋಡುತ್ತಿದ್ದಾಳೆ. ನನಗೆ ಬಂದದ್ದು ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಕೈ ಚಾಚಿದ್ದರೆ ಕೊಟ್ಟುಬಿಡುತ್ತಿದ್ದೆ. ಅವಳು ಕೈ ಚಾಚಲಿಲ್ಲ. ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಮಂತ್ರ ಹೇಳಲಿಲ್ಲ. ಕಣ್ಣು ಮುಚ್ಚಲಿಲ್ಲ. ಅದು ತನ್ನ ಪಾಡಿಗೆ ಇತ್ತು, ನಾವು ನಮ್ಮ ಪಾಡಿಗೆ ಇದ್ದೆವು. ಚಂದನಾ ಕಿಟಕಿಯ ಸರಳು ನೆಕ್ಕುತ್ತಿದ್ದಳು.

ಸೇತುವೆ ದಾಟುವ ಹೊತ್ತಿಗೆ ಕಂಡಕ್ಟರ್ ಬಂದ. "ಈ ಹುಡುಗಿಗಿ ಎಷ್ಟ ವಯಸ್ಸ ಆತ್ರಿ?" ಎಂದ.

"ಮೊನ್ನೆ ವರ್ಷ ತುಂಬೇತಿ" ಎಂದೆ.

"ಹಂಗಾರ ಟಿಕೆಟ್ ಬ್ಯಾಡ. ಮುಂದ ರಸ್ತೆ ಭಾಳ ಕೆಟ್ಟೈತಿ, ಗಟ್ಟಿ ಹಿಡ್ಕೋರಿ ಯವ್ವಾ" ಎಂದು ಮುಂದೆ ಹೋದ.

ಹಿಡಿದುಕೊಂಡೆ.

ನಿನ್ನ ತಾಯಿ,
ಪದ್ಮವ್ವ